ಕಟ್ ಫಿಲ್ಮಿನ ಚೂರುಗಳನ್ನು ಎಸೆಯುವ ಮೊದಲು

ದೊಡ್ಡ ಕ್ಯಾಮೆರಾಗಳಲ್ಲಿ ಒಂದೊಂದೇ ಹಾಳೆಯಾಗಿ ಬಳಸುವ 5×7 ಇಂಚಿನ ಕಟ್ ಫಿಲ್ಮನ್ನು 4×5 ಹೋಲ್ಡರಿಗೆ (ಕ್ಯಾಮೆರಾದಲ್ಲಿ ಫಿಲ್ಮನ್ನು ಹಿಡಿದಿಡುವ ಚೌಕಟ್ಟಿಗೆ) ಹೊಂದುವಂತೆ ಕತ್ತರಿಸಿದರೆ ಪ್ರತಿ ಹಾಳೆಯಿಂದಲೂ ಸುಮಾರು 3×5 ಇಂಚಿನ ಒಂದು ತುಂಡು ಉಳಿಯುತ್ತದೆ. 25 ಹಾಳೆಗಳ ಒಂದು ಡಬ್ಬಿ ಮುಗಿಯುವ ಹೊತ್ತಿಗೆ ಹೀಗೆ ಉಳಿದ ತುಂಡುಗಳ ವಿಸ್ತೀರ್ಣವನ್ನು ಕೂಡಿಸಿ ನೋಡಿದರೆ, ಅದು 18 ಹಾಳೆ 4×5 ಫಿಲ್ಮಿಗಿಂತ ಹೆಚ್ಚೇ ಆಗುತ್ತದೆ. 8×10 ಹಾಳೆಯಿಂದ ಎರಡು 5×7 ತೆಗೆದರೆ ಒಂದಿಂಚು ಅಗಲ, ಐದಿಂಚು ಉದ್ದದ ಎರಡು ಪಟ್ಟಿಗಳು ಉಳಿಯುತ್ತವೆ. ಅದೇ ಹಾಳೆಯನ್ನು ನಾಲ್ಕು 4×5 ಮಾಡಿದಾಗ ಲೆಕ್ಕದಲ್ಲಿ ಏನೂ ಉಳಿಯಬಾರದು. ಆದರೆ ಹೋಲ್ಡರಿನಲ್ಲಿ ಕೂರುವ ಫಿಲ್ಮು ಹೆಸರಿಗಷ್ಟೇ 4×5 ಆಗಿದ್ದು, ನಿಜವಾದ ಅಳತೆ ಎರಡೂ ಕಡೆ ಒಂದೂವರೆ ಮಿಲಿಮೀಟರಿನಷ್ಟು ಕಡಿಮೆ ಇರುವುದರಿಂದ, ಅಲ್ಲಿಯೂ ದಾರದಂಥ ಸಣ್ಣ ಎಳೆಗಳು ಬೀಳುತ್ತವೆ.

ಈ ಮೂರು ಬಗೆಯ ಚೂರುಗಳಿಗೂ ಉಪಯೋಗವಿದೆ. ಆದರೆ ಕತ್ತರಿಸಿದ ಗಳಿಗೆಯಲ್ಲೇ ಗುರುತು ಮಾಡಿಟ್ಟಿದ್ದರೆ ಮಾತ್ರ. ನಾನು ಆರಂಭದ ದಿನಗಳಲ್ಲಿ ಎಲ್ಲವನ್ನೂ ಒಂದೇ ಕಪ್ಪು ಲಕೋಟೆಗೆ ತುರುಕಿ, ಮೇಲೆ 'ಚೂರು' ಎಂದು ಬರೆದಿಟ್ಟಿದ್ದೆ. ಒಂದು ಸಂಜೆ ಎಕ್ಸ್-ರೇ ಫಿಲ್ಮಿನ ಪಟ್ಟಿಯೊಂದು ಬೇಕಾಗಿ, ಕೆಂಪು ದೀಪದಡಿಯಲ್ಲಿ ನಿರಾತಂಕವಾಗಿ ಆ ಲಕೋಟೆಯನ್ನು ಬಿಚ್ಚಿದೆ. ಅದರಲ್ಲಿ ಕೆಂಪು ಬೆಳಕಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನ ತುಂಡುಗಳೂ ಇದ್ದವೆಂಬುದು ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣದಲ್ಲಿ) ಅವು ಪೂರ್ತಿ ಕಪ್ಪಾದ ಮೇಲಷ್ಟೇ ನೆನಪಾಯಿತು. ಆದ್ದರಿಂದ ಈ ಕೆಲಸ ಆರಂಭವಾಗುವುದು ಕತ್ತರಿಸುವ ಹಲಗೆಯ ಮೇಲೆ.

ಕತ್ತರಿಸುವಾಗಲೇ ಗುರುತು

ಪೇಪರ್ ಕಟರಿನ ಹಲಗೆಯ ಮೇಲೆ, ಬೇಕಾದ ಅಳತೆಗೆ ಸರಿಯಾಗಿ, ಒಂದು ತೆಳು ಮರದ ಪಟ್ಟಿಯನ್ನು ಟೇಪಿನಿಂದ ಭದ್ರವಾಗಿ ಅಂಟಿಸಿರಿ. ಕತ್ತಲೆಯಲ್ಲಿ ಫಿಲ್ಮಿನ ಅಂಚು ಆ ಪಟ್ಟಿಗೆ ತಾಗಿ ನಿಂತರೆ ಅಳತೆ ತಾನಾಗಿ ಬರುತ್ತದೆ. ಬೆಳಕು ತಗುಲಿ ಕೆಟ್ಟುಹೋದ ಹಾಳೆಯೊಂದನ್ನು ಇಟ್ಟುಕೊಂಡು, ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ಐದಾರು ಸಲ ಅಭ್ಯಾಸ ಮಾಡಿರಿ. ಕಟರಿನ ಅಲಗು ಎಲ್ಲಿ ಇಳಿಯುತ್ತದೆ, ಎಡಗೈ ಬೆರಳು ಎಲ್ಲಿರುತ್ತದೆ ಎಂಬುದು ಕೈಗೆ ಗೊತ್ತಾಗುವವರೆಗೆ ದೀಪ ಆರಿಸಬೇಡಿ. ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್-ರೇ ಫಿಲ್ಮನ್ನೂ, ಮುದ್ರಣಾಲಯಗಳಲ್ಲಿ ಬಳಸುತ್ತಿದ್ದ ಲಿತ್ ಫಿಲ್ಮನ್ನೂ ಕೆಂಪು ದೀಪದಲ್ಲಿ ಕತ್ತರಿಸಬಹುದು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಪೂರ್ಣ ಕತ್ತಲೆಯೇ ಬೇಕು.

ಕಟ್ ಫಿಲ್ಮಿನ ಮೂಲೆಯಲ್ಲಿ ಕಾರ್ಖಾನೆಯವರು ಕೊರೆದಿರುವ ಕಚ್ಚುಗಳಿರುತ್ತವೆ. ಹಾಳೆಯನ್ನು ಉದ್ದುದ್ದವಾಗಿ ಹಿಡಿದಾಗ ಆ ಕಚ್ಚುಗಳು ಮೇಲಿನ ಬಲಮೂಲೆಗೆ ಬಂದರೆ ಎಮಲ್ಷನ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪ, ನಿಮ್ಮ ಮುಖದ ಕಡೆ ಇದೆ ಎಂದರ್ಥ. ಕತ್ತರಿಸಿದ ಕೂಡಲೇ ಈ ಕಚ್ಚು ಒಂದು ತುಂಡಿನಲ್ಲಿ ಉಳಿದು, ಇನ್ನುಳಿದವು ಬೋಳಾಗುತ್ತವೆ. ತುಟಿಯ ತೇವಕ್ಕೆ ಅಂಟಿಕೊಳ್ಳುವ ಬದಿಯೇ ಎಮಲ್ಷನ್ ಎಂದು ಹಳೆಯ ಸ್ಟುಡಿಯೊಗಳಲ್ಲಿ ಹೇಳಿಕೊಡುತ್ತಿದ್ದುದುಂಟು. ಆದರೆ ಈಗಿನ ಅನೇಕ ಕಟ್ ಫಿಲ್ಮುಗಳ ಬೆನ್ನಿಗೂ ಸುರುಳಿಯಾಗದಂತೆ ಜೆಲಟಿನ್ ಲೇಪವಿರುವುದರಿಂದ ಎರಡೂ ಬದಿ ಅಂಟುತ್ತವೆ, ಆ ಪರೀಕ್ಷೆ ಮೋಸ ಮಾಡುತ್ತದೆ. ಅದರ ಬದಲು, ಒಂದೊಂದು ತುಂಡು ಕೈಗೆ ಬಂದ ಹಾಗೆ, ಎಮಲ್ಷನ್ ಮುಖದ ಕಡೆ ಇರುವಂತೆ ಹಿಡಿದು, ಮೇಲಿನ ಬಲಮೂಲೆಯನ್ನು ಕತ್ತರಿಯಿಂದ ಒಂದು ಅಕ್ಕಿಕಾಳಿನಷ್ಟು ಓರೆಯಾಗಿ ಕತ್ತರಿಸಿರಿ. ಎಕ್ಸ್-ರೇ ಫಿಲ್ಮಿಗೆ ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಎಮಲ್ಷನ್ ಇರುವುದರಿಂದ ಈ ಗುರುತು ಬೇಕಾಗುವುದಿಲ್ಲ.

ಬಗೆಬಗೆಯ ಫಿಲ್ಮನ್ನು ಬೇರೆಬೇರೆ ಕಪ್ಪು ಲಕೋಟೆಗಳಿಗೆ ಹಾಕಿ, ಕತ್ತಲೆಯಲ್ಲೂ ಗೊತ್ತಾಗುವಂತೆ ರಬ್ಬರ್ ಬ್ಯಾಂಡ್ ಸುತ್ತಿಡಿ. ನನ್ನಲ್ಲಿ ಎಕ್ಸ್-ರೇಗೆ ಒಂದು ಬ್ಯಾಂಡು, ಪ್ಯಾಂಕ್ರೊಮ್ಯಾಟಿಕ್‌ಗೆ ಎರಡು, ಲಿತ್‌ಗೆ ಮೂರು. ಹೊರಗೆ ಫಿಲ್ಮಿನ ಹೆಸರು, ವೇಗ (ಬೆಳಕಿಗೆ ಎಷ್ಟು ಚುರುಕು ಎಂಬ ಸಂಖ್ಯೆ), ಕತ್ತರಿಸಿದ ದಿನಾಂಕವನ್ನು ಬರೆಯಿರಿ. ಫೋಟೊ ಮುದ್ರಿಸುವ ಕಾಗದದ ಡಬ್ಬಿಗಳಲ್ಲಿ ಬರುವ ಕಪ್ಪು ಪ್ಲಾಸ್ಟಿಕ್ ಚೀಲಗಳು ಇದಕ್ಕೆ ಬಹಳ ಒಳ್ಳೆಯವು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಹಳೆಯ ಸ್ಟುಡಿಯೊದ ಅಟ್ಟದಿಂದ ಸಿಕ್ಕಿದ ಡಬ್ಬಿ ತುಂಬ ಹಿಂದಿನದಾಗಿದ್ದರೆ ಅದರಲ್ಲಿರುವುದು ನೈಟ್ರೇಟ್ ಫಿಲ್ಮು ಆಗಿರಬಹುದು. ಕೊಡಾಕ್ ಕಂಪನಿ ನೈಟ್ರೇಟ್ ತಯಾರಿಕೆಯನ್ನು ನಿಲ್ಲಿಸಿದ್ದೇ 1951ರಲ್ಲಿ. ಅದು ಬೆಂಕಿ ಕಂಡರೆ ಧಗ್ಗನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ, ಅಂಚಿನಲ್ಲಿ 'ಸೇಫ್ಟಿ' ಎಂಬ ಮುದ್ರೆ ಕಾಣದ, ಹಳದಿಗಟ್ಟಿದ, ಘಾಟು ವಾಸನೆಯ ಹಾಳೆಯಿಂದ ಯಾವ ಪ್ರಯೋಗವನ್ನೂ ಮಾಡಬಾರದು. ಎರಡನೆಯದು, ಇಂದು ಸ್ಕ್ಯಾನಿಂಗ್ ಕೇಂದ್ರಗಳು ಬಳಸುವ ಫಿಲ್ಮಿನಲ್ಲಿ ಬಹುಪಾಲು ಡ್ರೈ ಫಿಲ್ಮು; ಅದರಲ್ಲಿ ಚಿತ್ರ ಮೂಡುವುದು ಪ್ರಿಂಟರಿನ ಶಾಖದಿಂದ, ನಮ್ಮ ಡೆವಲಪರಿನಿಂದಲ್ಲ. ಅಂಗಡಿಯಲ್ಲಿ 'ಎಕ್ಸ್-ರೇ ಫಿಲ್ಮು' ಎಂದಷ್ಟೇ ಕೇಳದೆ, ಡೆವಲಪರಿನಲ್ಲಿ ತೊಳೆಯುವ ಹಳೆಯ ಬಗೆಯದೇ ಹೌದೇ ಎಂದು ವಿಚಾರಿಸಿಕೊಳ್ಳಿ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಹೆಸರಿನ ಫಿಲ್ಮಿನ ಡಬ್ಬಿ ಎಲ್ಲಾದರೂ ಸಿಕ್ಕರೆ, ಅವಧಿ ಎಂದೋ ಮುಗಿದಿರುತ್ತದೆಯಾದರೂ, ಕೆಳಗೆ ಹೇಳಿರುವ ಹಲವು ಕೆಲಸಗಳಿಗೆ ಅದು ಆಗಿಬರುತ್ತದೆ.

ಸಣ್ಣ ಎಳೆಗಳು: ಡೆವಲಪರ್ ಮತ್ತು ಹೈಪೊ ಪರೀಕ್ಷೆ

ಬೆರಳಗಲಕ್ಕಿಂತ ಕಿರಿದಾದ ಚೂರುಗಳನ್ನು ಕತ್ತಲೆಯಲ್ಲಿ ಕಾಪಾಡುವ ಅಗತ್ಯವಿಲ್ಲ. ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಡಾರ್ಕ್ ರೂಮಿನ ಸಿಂಕಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಬೆಳಕು ತಗುಲಿದ ಫಿಲ್ಮು ಡೆವಲಪರಿನಲ್ಲಿ ಕಪ್ಪಾಗಲೇಬೇಕು. ಆಗದಿದ್ದರೆ ಡೆವಲಪರ್ ಸತ್ತಿದೆ. ಹೊಸದಾಗಿ ಕಲಸಿದ ದಿನವೇ ಒಂದು ಚೂರನ್ನು ಮುಳುಗಿಸಿ, ಪೂರ್ತಿ ಕಪ್ಪಾಗಲು ಹಿಡಿದ ಸಮಯವನ್ನು ಬಾಟಲಿಯ ಮೇಲೆ ಬರೆದಿಡಿ. ತಿಂಗಳ ನಂತರ ಅದೇ ಫಿಲ್ಮಿನ ಚೂರು ಅದೇ ಉಷ್ಣತೆಯಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ನೋಡಿದರೆ, ಮದುವೆಯ ಫೋಟೊದಂಥ ಮತ್ತೆ ಸಿಗದ ನೆಗೆಟಿವನ್ನು ಹಾಳುಮಾಡಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಬೆಳಕು ಕಾಣದ ಬೆಳ್ಳಿ ಲವಣವನ್ನು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸುವ ಹೈಪೊದ ಪರೀಕ್ಷೆ ಇದಕ್ಕಿಂತ ಮುಖ್ಯವಾದದ್ದು, ಏಕೆಂದರೆ ದುರ್ಬಲ ಹೈಪೊದ ಪರಿಣಾಮ ಅಂದೇ ಕಾಣುವುದಿಲ್ಲ, ವರ್ಷಗಳಾದ ಮೇಲೆ ನೆಗೆಟಿವ್ ಕಂದಾಗಿ ಕಾಣಿಸಿಕೊಳ್ಳುತ್ತದೆ. ಇನ್ನೂ ಯಾವ ದ್ರಾವಣಕ್ಕೂ ಹಾಕದ ಚೂರಿನ ನಡುವೆ ಒಂದು ಹನಿ ಹೈಪೊ ಹಾಕಿ ಅರ್ಧ ನಿಮಿಷ ಬಿಡಿ. ಹನಿ ಬಿದ್ದ ಜಾಗ ತಿಳಿಯಾಗುತ್ತ ಬರುತ್ತದೆ, ಸುತ್ತಲಿನ ಭಾಗ ಮಜ್ಜಿಗೆಯಂತೆ ಮಬ್ಬಾಗಿಯೇ ಇರುತ್ತದೆ. ಈಗ ಇಡೀ ಚೂರನ್ನು ಹೈಪೊದೊಳಗೆ ಮುಳುಗಿಸಿ ಗಡಿಯಾರ ನೋಡಲಾರಂಭಿಸಿ, ಸಾವಕಾಶವಾಗಿ ಅಲ್ಲಾಡಿಸುತ್ತಿರಿ. ಹನಿಯ ವೃತ್ತಕ್ಕೂ ಸುತ್ತಲಿನ ಭಾಗಕ್ಕೂ ವ್ಯತ್ಯಾಸ ಕಾಣದಂತಾದ ಕ್ಷಣವೇ ತಿಳಿಯಾಗುವ ಸಮಯ. ಅದರ ಎರಡರಷ್ಟು ಹೊತ್ತು ನೆಗೆಟಿವನ್ನು ಹೈಪೊದಲ್ಲಿ ಇಡಬೇಕು. ಟಿ-ಮ್ಯಾಕ್ಸ್, ಡೆಲ್ಟಾ ಮೊದಲಾದ ಚಪ್ಪಟೆ ಹರಳಿನ ಫಿಲ್ಮುಗಳಾದರೆ ಮೂರರಷ್ಟು. ಹೊಸ ಹೈಪೊದಲ್ಲಿ ಹಿಡಿದದ್ದಕ್ಕಿಂತ ಇಮ್ಮಡಿ ಸಮಯ ಹಿಡಿಯತೊಡಗಿದಾಗ ಆ ಹೈಪೊವನ್ನು ಬದಲಿಸಬೇಕು. ನೆಗೆಟಿವ್ ಯಾವ ಫಿಲ್ಮಿನದೋ ಚೂರೂ ಅದೇ ಫಿಲ್ಮಿನದಾಗಿರಲಿ.

ಒಂದಿಂಚಿನ ಪಟ್ಟಿಗಳು: ದೀಪ ಮತ್ತು ಮೆಟ್ಟಿಲು

1×5 ಇಂಚಿನ ಪಟ್ಟಿಗಳನ್ನು ಕತ್ತಲೆಯಲ್ಲೇ ಕಾಪಾಡಿರಬೇಕು. ಇವುಗಳ ಮೊದಲ ಕೆಲಸ ನಿಮ್ಮ ಕೆಂಪು ದೀಪವನ್ನು ಪರೀಕ್ಷಿಸುವುದು. ನಮ್ಮಲ್ಲಿ ಬಹಳ ಜನ ಕೆಂಪು ಬಣ್ಣ ಬಳಿದ ಜೀರೋ ವ್ಯಾಟ್ ಬಲ್ಬನ್ನೇ ನೆಚ್ಚಿಕೊಂಡಿರುತ್ತಾರೆ. ಆ ಬಣ್ಣದ ಪದರದ ಮೂಲಕ ಬೇರೆ ಬೆಳಕೂ ಸೋರುತ್ತದೆ. ಒಂದು ಹಳೆಯ ಸಿ.ಡಿ.ಯ ಹೊಳೆಯುವ ಬದಿಯಲ್ಲಿ ಬಲ್ಬಿನ ಪ್ರತಿಬಿಂಬವನ್ನು ಓರೆಯಾಗಿ ನೋಡಿರಿ. ಕೆಂಪಿನ ಪಕ್ಕದಲ್ಲಿ ಹಸಿರು ಅಥವಾ ನೀಲಿ ಪಟ್ಟೆ ಕಂಡರೆ ಆ ಬಲ್ಬು ಫಿಲ್ಮಿನ ಕೆಲಸಕ್ಕೆ ಬಾರದು.

ಸಿ.ಡಿ.ಯಲ್ಲಿ ಪಾಸಾದ ದೀಪವನ್ನು ಫಿಲ್ಮಿನ ಮೇಲೆ ಪರೀಕ್ಷಿಸಿ. ಕೆಂಪು ದೀಪವನ್ನೂ ಆರಿಸಿ, ಎನ್‌ಲಾರ್ಜರಿನ (ನೆಗೆಟಿವನ್ನು ದೊಡ್ಡದಾಗಿ ಮುದ್ರಿಸುವ ಯಂತ್ರದ) ಲೆನ್ಸಿನ ಕಿಂಡಿಯನ್ನು ಪೂರ್ತಿ ಕಿರಿದು ಮಾಡಿ, ಪಟ್ಟಿಗೆ ಡೆವಲಪ್ ಆದಾಗ ತಿಳಿ ಬೂದುಬಣ್ಣ ಬರುವಷ್ಟು ಚೂರೇ ಚೂರು ಬೆಳಕು ಕೊಡಿ. ಈ ಹಂತವನ್ನು ಬಿಟ್ಟರೆ ದೀಪದ ದೋಷ ಅಡಗಿಕೊಂಡುಬಿಡಬಹುದು, ಏಕೆಂದರೆ ಏನೂ ಬೆಳಕು ಕಾಣದ ಫಿಲ್ಮು ಮೊದಲ ಅಲ್ಪಸ್ವಲ್ಪ ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತದೆ. ನಂತರ ಪಟ್ಟಿಯನ್ನು ನೀವು ಕೆಲಸ ಮಾಡುವ ಜಾಗದಲ್ಲೇ, ಅಂದರೆ ಟ್ರೇಯ ಪಕ್ಕದಲ್ಲೇ ಇಟ್ಟು, ಮೇಲೆ ಒಂದು ರೂಪಾಯಿ ನಾಣ್ಯವನ್ನಿಟ್ಟು ಕೆಂಪು ದೀಪ ಹಾಕಿ. ಐದು ನಿಮಿಷದ ಮೇಲೆ ಇನ್ನೊಂದು ನಾಣ್ಯವನ್ನು ಪಕ್ಕದಲ್ಲಿಟ್ಟು ಮತ್ತೆ ಐದು ನಿಮಿಷ ಕಾಯಿರಿ. ಪಟ್ಟಿಯನ್ನು ಕತ್ತಲೆಯಲ್ಲೇ ಡೆವಲಪ್ ಮಾಡಿದಾಗ ಒಂದೇ ಒಂದು ನಾಣ್ಯದ ವೃತ್ತವೂ ಕಾಣದಿದ್ದರೆ ಹತ್ತು ನಿಮಿಷದವರೆಗೆ ದೀಪ ಸುರಕ್ಷಿತ. ಮೊದಲಿಟ್ಟ ನಾಣ್ಯದ ಗುರುತಷ್ಟೇ ಕಂಡರೆ ಐದರಿಂದ ಹತ್ತು ನಿಮಿಷದೊಳಗೆ ಎಲ್ಲೋ ಫಿಲ್ಮು ದೀಪದ ಬೆಳಕಿಗೆ ಮಬ್ಬಾಗುತ್ತಿದೆ. ಎರಡರದ್ದೂ ಕಂಡರೆ ದೀಪವನ್ನು ದೂರ ಸರಿಸಿ ಅಥವಾ ಬದಲಾಯಿಸಿ.

ಎರಡನೆಯ ಕೆಲಸ ಬೆಳಕಿನ ಮೆಟ್ಟಿಲನ್ನು ತಯಾರಿಸುವುದು. ಪಟ್ಟಿಯನ್ನು ಎನ್‌ಲಾರ್ಜರಿನಡಿ ಇಟ್ಟು, ಮನಸ್ಸಿನಲ್ಲೇ ಆರು ಭಾಗ ಮಾಡಿಕೊಳ್ಳಿ; ಒಂದೊಂದು ಸುಮಾರು 2 ಸೆಂಟಿಮೀಟರ್ ಆಗುತ್ತದೆ. ಇಡೀ ಪಟ್ಟಿಗೆ 1 ಸೆಕೆಂಡ್ ಬೆಳಕು ಕೊಡಿ. ಮೊದಲ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಇನ್ನೂ 1 ಸೆಕೆಂಡ್, ಎರಡನೆಯದನ್ನೂ ಮುಚ್ಚಿ 2 ಸೆಕೆಂಡ್, ಹೀಗೆಯೇ ಮುಂದೆ 4, 8, 16 ಸೆಕೆಂಡ್ ಕೊಡುತ್ತ ಹೋದರೆ, ಆರು ಭಾಗಗಳಿಗೆ ಕ್ರಮವಾಗಿ 1, 2, 4, 8, 16, 32 ಸೆಕೆಂಡ್ ಬೆಳಕು ಸಿಕ್ಕಿರುತ್ತದೆ. ಫಿಲ್ಮು ಕಾಗದಕ್ಕಿಂತ ಎಷ್ಟೋ ಪಾಲು ಚುರುಕಾದ್ದರಿಂದ ಲೆನ್ಸಿನ ಕೆಳಗೆ ಒಂದೆರಡು ಬಿಳಿ ಹಾಳೆಗಳನ್ನು ಅಡ್ಡ ಹಿಡಿದು ಬೆಳಕನ್ನು ಕುಗ್ಗಿಸಬೇಕಾದೀತು. ಒಂದೇ ರೀತಿ ಬೆಳಕು ಕೊಟ್ಟ ಎರಡು ಪಟ್ಟಿಗಳಲ್ಲಿ ಒಂದನ್ನು 5 ನಿಮಿಷ, ಇನ್ನೊಂದನ್ನು 8 ನಿಮಿಷ ಡೆವಲಪ್ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಸಮಯ ಹೆಚ್ಚಿದಾಗ ತಿಳಿ ಮೆಟ್ಟಿಲುಗಳು ಅಷ್ಟಾಗಿ ಅಲುಗದೆ, ಗಾಢ ಮೆಟ್ಟಿಲುಗಳು ಮಾತ್ರ ಮೇಲೇರುವುದನ್ನು ಕಣ್ಣಾರೆ ಕಾಣಬಹುದು. ಹೀಗೆ ತಯಾರಾದ ಪಟ್ಟಿ ಮುಂದೆ, ನೆಗೆಟಿವನ್ನು ಕಾಗದಕ್ಕೆ ನೇರವಾಗಿ ಒತ್ತಿ ಮುದ್ರಿಸುವ ಕಾಂಟ್ಯಾಕ್ಟ್ ಪ್ರಿಂಟ್ ಮಾಡುವಾಗ ಬಿಸಿಲಿನ ಅಳತೆಗೋಲಾಗಿಯೂ ನೆರವಾಗುತ್ತದೆ.

ದೊಡ್ಡ ತುಂಡುಗಳಿಂದ ಚಿತ್ರ

3×5 ಇಂಚಿನ ತುಂಡು ಚೂರೆಂದು ಕರೆಯಿಸಿಕೊಳ್ಳಬೇಕಾದದ್ದೇ ಅಲ್ಲ. 120 ರೋಲ್ ಫಿಲ್ಮಿನ 6×9 ಸೆಂಟಿಮೀಟರ್ ಚೌಕಟ್ಟಿಗಿಂತ ಅದು ದೊಡ್ಡದು.

ನಿಮ್ಮ 4×5 ಕ್ಯಾಮೆರಾದಲ್ಲೇ ಅದನ್ನು ಬಳಸಲು ಬಹಳ ಜನ ಕಪ್ಪು ರಟ್ಟಿನ ಚೌಕಟ್ಟು ಮಾಡಿ ಅದರ ಮೇಲೆ ತುಂಡನ್ನು ಅಂಟಿಸುತ್ತಾರೆ. ಆಗ ರಟ್ಟಿನ ದಪ್ಪದಷ್ಟು ಫಿಲ್ಮು ಮುಂದೆ ಬಂದು, ಫೋಕಸ್ ನೋಡುವ ಗ್ರೌಂಡ್ ಗ್ಲಾಸಿನಲ್ಲಿ ಚೊಕ್ಕವಾಗಿ ಕಂಡ ಚಿತ್ರ ನೆಗೆಟಿವಿನಲ್ಲಿ ಮಸುಕಾಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ, ಬೆಳಕು ತಗುಲಿ ಕೆಟ್ಟ 4×5 ಹಾಳೆಯನ್ನೇ ಚೌಕಟ್ಟು ಮಾಡಿಕೊಳ್ಳುವುದು. ಅದರ ನಡುವೆ 2¾×4½ ಇಂಚಿನ ಕಿಟಕಿಯನ್ನು ಬ್ಲೇಡಿನಿಂದ ಕೊರೆಯಿರಿ; ತುಂಡನ್ನೂ ಕಿಟಕಿಯ ಅಳತೆಗೇ ಕತ್ತರಿಸಿ ಅದರೊಳಗೆ ಕೂರಿಸಿ, ಬೆನ್ನಿನ ಕಡೆಯಿಂದ ತೆಳು ಸೆಲ್ಲೊಟೇಪಿನಿಂದ ನಾಲ್ಕು ಅಂಚನ್ನೂ ಹಿಡಿಸಿ. ಕಟ್ ಫಿಲ್ಮಿನ ಪಾಲಿಯೆಸ್ಟರ್ ಹಾಳೆ ಸಾಮಾನ್ಯವಾಗಿ 0.18 ಮಿಲಿಮೀಟರಿನಷ್ಟು ದಪ್ಪವಿದ್ದು, ಚೌಕಟ್ಟೂ ತುಂಡೂ ಒಂದೇ ಮಟ್ಟದಲ್ಲಿ ಕೂರುವುದರಿಂದ ಹೋಲ್ಡರಿಗೆ ಅದು ಮಾಮೂಲು ಹಾಳೆಯಂತೆಯೇ ಜಾರಿ ಹೋಗುತ್ತದೆ, ಫೋಕಸ್ ತಪ್ಪುವುದಿಲ್ಲ. ಡೆವಲಪ್ ಮಾಡುವ ಮೊದಲು ಟೇಪನ್ನು ನಿಧಾನವಾಗಿ ಬಿಡಿಸಿ. ಒಮ್ಮೆಲೇ ಎಳೆದರೆ ಕತ್ತಲೆಯಲ್ಲಿ ನೀಲಿ ಕಿಡಿಯಂಥ ಮಿಣುಕು ಕಾಣುತ್ತದೆ, ಅದು ಫಿಲ್ಮಿನ ಮೇಲೆ ಕಲೆಯಾಗಿ ಉಳಿಯಬಹುದು.

ಕ್ಯಾಮೆರಾ ಇಲ್ಲದವರಿಗೆ ತಗಡಿನ ಡಬ್ಬಿ ಸಾಕು, ಲೆನ್ಸಿನ ಬದಲು ಸೂಜಿರಂಧ್ರವೇ ಚಿತ್ರ ಮೂಡಿಸುತ್ತದೆ. ಸುಮಾರು 5 ಸೆಂಟಿಮೀಟರ್ ಆಳದ ಬಿಸ್ಕತ್ ಡಬ್ಬಿಯ ಒಳಭಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ಚಿಕ್ಕ ತಗಡನ್ನು ರಟ್ಟಿನ ಮೇಲಿಟ್ಟು, ಸೂಜಿಯ ಮೊನೆಯನ್ನು ಒತ್ತದೆ ತಿರುಗಿಸುತ್ತ, ಹಿಂಬದಿ ಉಬ್ಬಿದ್ದನ್ನು ನುಣುಪು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತ, 0.3 ಮಿಲಿಮೀಟರ್ ರಂಧ್ರ ಮಾಡಿ. ಅಳತೆಗೆ ಸ್ಕ್ಯಾನರ್ ಬಳಸಿರಿ: 2400 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿದಾಗ ರಂಧ್ರ 28 ಪಿಕ್ಸೆಲಿನಷ್ಟು ಅಗಲವಿರಬೇಕು. ಡಬ್ಬಿಯ ತಳದ ನಡುವೆ ಕಿಂಡಿ ಕೊರೆದು ಅದಕ್ಕೆ ಈ ತಗಡನ್ನು ಅಂಟಿಸಿ, ಫಿಲ್ಮಿನ ತುಂಡನ್ನು 6×9 ಸೆಂಟಿಮೀಟರಿಗೆ ಕತ್ತರಿಸಿ ರಂಧ್ರಕ್ಕೆ ಎದುರಾಗಿ ಅಂಟಿಸಿ, ಮುಚ್ಚಳದ ಸುತ್ತ ಕಪ್ಪು ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಸುತ್ತಿರಿ. ಈ ಡಬ್ಬಿಯ ದ್ಯುತಿರಂಧ್ರ (ಡಬ್ಬಿಯ ಆಳವನ್ನು ರಂಧ್ರದ ಅಗಲದಿಂದ ಭಾಗಿಸಿದ ಸಂಖ್ಯೆ) ಎಫ್ 160ರ ಆಸುಪಾಸು, ಅಂದರೆ ಎಫ್ 16ಕ್ಕೆ ಬೇಕಾದ ಸಮಯದ ನೂರು ಪಟ್ಟು ಬೇಕು. ಹಸಿರು ಸ್ಪಂದನೆಯ ಎಕ್ಸ್-ರೇ ಫಿಲ್ಮಿನ ವೇಗವನ್ನು ಆರಂಭಕ್ಕೆ 50 ಎಂದು ಹಿಡಿದರೆ ಒಳ್ಳೆಯ ಬಿಸಿಲಿನಲ್ಲಿ ಎಫ್ 16ಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕಾಗುವುದರಿಂದ, ಇಲ್ಲಿ ಲೆಕ್ಕಕ್ಕೆ 2 ಸೆಕೆಂಡ್ ಬರುತ್ತದೆ. ದೀರ್ಘ ಸಮಯದಲ್ಲಿ ಫಿಲ್ಮಿನ ಚುರುಕು ಕುಗ್ಗುವುದರಿಂದ 3ರಿಂದ 4 ಸೆಕೆಂಡ್ ಕೊಡಿ. ನಮ್ಮ ಹೆಂಚಿನ ಮನೆಗಳ ಕೆಂಪು ಈ ಫಿಲ್ಮಿಗೆ ಕಾಣದ ಬಣ್ಣವಾದ್ದರಿಂದ ಚಾವಣಿಯೆಲ್ಲ ಕಡುಗಪ್ಪಾಗಿ ಬಂದರೆ ಅದು ನಿಮ್ಮ ತಪ್ಪಲ್ಲ. ಡೆವಲಪ್ ಮಾಡುವಾಗ ರೋಡಿನಾಲ್ ಬಗೆಯ ಡೆವಲಪರನ್ನು 1:100ರಂತೆ ನೀರು ಬೆರೆಸಿ, 20 ಡಿಗ್ರಿಯಲ್ಲಿ 6 ನಿಮಿಷದಿಂದ ಆರಂಭಿಸಿ. ಬೇಸಿಗೆಯಲ್ಲಿ ನಲ್ಲಿಯ ನೀರು ಬೆಚ್ಚಗಿದ್ದರೆ ಬೇಗ ಆಗಿಹೋಗುತ್ತದೆ. ಟ್ರೇಯನ್ನು ಐಸ್ ನೀರಿನ ಬೇಸಿನ್ನಿನಲ್ಲಿಟ್ಟು ತಂಪು ಮಾಡಿಕೊಳ್ಳುವುದೇ ಸುಲಭ. ಎಕ್ಸ್-ರೇ ಫಿಲ್ಮಿನ ಒದ್ದೆ ಎಮಲ್ಷನ್ ಉಗುರು ತಾಗಿದರೂ ಗೀರು ಬೀಳುವಷ್ಟು ಮೃದುವಾದ್ದರಿಂದ ಟ್ರೇಯ ತಳಕ್ಕೆ ನುಣುಪಾದ ಗಾಜು ಹಾಕಿ, ಒಂದು ಸಲಕ್ಕೆ ಒಂದೇ ತುಂಡನ್ನು ತೊಳೆಯಿರಿ.

ಬೆಳಕು ತಗುಲಿ ಕೆಟ್ಟವು

ಹೋಲ್ಡರ್ ತುಂಬುವ ಅಭ್ಯಾಸಕ್ಕೆ ಎರಡು ಹಾಳೆಗಳನ್ನು ತೆಗೆದಿಟ್ಟು, ಉಳಿದವನ್ನು ಬಿಸಿಲಿಗೆ ಒಡ್ಡಿ. ಗಾಜು ಮತ್ತು ಹಲಗೆಯ ನಡುವೆ ಫಿಲ್ಮನ್ನೂ ಅದರ ಮೇಲೊಂದು ಅರಳಿ ಎಲೆಯನ್ನೂ ಕ್ಲಿಪ್ಪಿನಿಂದ ಬಿಗಿದು ಒಂದೆರಡು ಗಂಟೆ ಬಿಟ್ಟರೆ, ಡೆವಲಪರ್ ಇಲ್ಲದೆಯೇ ಫಿಲ್ಮು ಬಣ್ಣಗಟ್ಟಿ ಎಲೆಯ ಆಕಾರ ಉಳಿಯುತ್ತದೆ. ಫಿಲ್ಮಿನ ಬಗೆಗೆ ತಕ್ಕಂತೆ ಕಂದು, ನಸುಗೆಂಪು, ನೇರಳೆ ಛಾಯೆಗಳು ಬರುತ್ತವೆ. ಎಲೆ ಹಸಿಯಿದ್ದರೆ ಅದರ ತೇವವೂ ಗುರುತು ಮೂಡಿಸುತ್ತದೆ. ಹೈಪೊಗೆ ಹಾಕಿದರೆ ಬಣ್ಣ ಬಹಳ ಮಟ್ಟಿಗೆ ಇಳಿದುಹೋಗುತ್ತದೆ, ಹಾಕದಿದ್ದರೆ ಬೆಳಕಿನಲ್ಲಿ ಕಪ್ಪಾಗುತ್ತಲೇ ಹೋಗುತ್ತದೆ. ಆದ್ದರಿಂದ ಬಿಚ್ಚಿದ ಕೂಡಲೇ ಸ್ಕ್ಯಾನ್ ಮಾಡಿಕೊಳ್ಳಿ.

ತೊಳೆದು ಒಣಗಿಸಿದ ತುಂಡುಗಳು

ಚಿತ್ರವಿರುವ ತುಂಡುಗಳನ್ನು ಸಯನೊಟೈಪಿಗೆ ಬಳಸಬಹುದು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ನೀಲಿ ಮುದ್ರಣದಲ್ಲಿ ನೆಗೆಟಿವಿನಷ್ಟೇ ದೊಡ್ಡ ಚಿತ್ರ ಬರುವುದರಿಂದ 3×5 ತುಂಡು ಅಂಚೆಕಾರ್ಡಿನ ಮೇಲೆ ಒಪ್ಪವಾಗಿ ಕೂರುತ್ತದೆ. ಎಕ್ಸ್-ರೇ ನೆಗೆಟಿವಿನ ಕಡು ಕಪ್ಪು-ಬಿಳುಪು ಸಾಮಾನ್ಯ ಕಾಗದಕ್ಕೆ ಒರಟೆನಿಸಿದರೂ ಇಲ್ಲಿ ಅದೇ ಗುಣವಾಗುತ್ತದೆ.

ಬೆಳಕು ಕಾಣಿಸದೆ ನೇರವಾಗಿ ಹೈಪೊಗೆ ಹಾಕಿ ತೊಳೆದ ತುಂಡಿನಲ್ಲಿ ಬೆಳ್ಳಿ ಹೋಗಿ ಜೆಲಟಿನ್ ಪದರ ಮಾತ್ರ ಉಳಿಯುತ್ತದೆ. ಅಡುಗೆಗೆ ಹಾಕುವ ಬಣ್ಣವನ್ನು ನೀರಿಗೆ ಬೆರೆಸಿ ಅದರಲ್ಲಿ ನೆನೆಹಾಕಿದರೆ ಆ ಜೆಲಟಿನ್ ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಟೇಬಲ್ ಲ್ಯಾಂಪಿನ ಮುಂದೆ ಹಿಡಿಯುವ ಬಣ್ಣದ ಫಿಲ್ಟರಿಗೋ, ತೊಗಲುಗೊಂಬೆಯ ಮಾದರಿಯಲ್ಲಿ ಮಕ್ಕಳು ಕತ್ತರಿಸಿ ಪರದೆಯ ಹಿಂದೆ ಆಡಿಸುವ ಗೊಂಬೆಗೋ ಇದು ಸೊಗಸು. ಆಸ್ಪತ್ರೆಯ ಹಳೆಯ ಎಕ್ಸ್-ರೇಗಳಿಂದ ರಂಗೋಲಿಯ ಅಚ್ಚು ಕೊರೆಯುವುದಾದರೆ ರೋಗಿಯ ಹೆಸರಿರುವ ಮೂಲೆಯನ್ನು ಮೊದಲೇ ಕತ್ತರಿಸಿ ಹಾಕಿ. ಇದೇ ಬಗೆಯ ಹಳೆಯ ಎಕ್ಸ್-ರೇಗಳ ಮೇಲೆ ಸೋವಿಯತ್ ಒಕ್ಕೂಟದಲ್ಲಿ ಎರಡನೆಯ ಮಹಾಯುದ್ಧದ ನಂತರ ಗುಟ್ಟಾಗಿ ನಿಷಿದ್ಧ ಹಾಡುಗಳ ಗ್ರಾಮಫೋನ್ ತಟ್ಟೆಗಳನ್ನು ಕೊರೆದು ಮಾರುತ್ತಿದ್ದರು.

ಗ್ರಹಣದ ದಿನ ಮಾತ್ರ ಈ ತುಂಡುಗಳನ್ನು ಹೊರಗೆ ತೆಗೆಯಬೇಡಿ. ಎಕ್ಸ್-ರೇ ಹಾಳೆಯ ಮೂಲಕ ಸೂರ್ಯನನ್ನು ನೋಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರ ಕಪ್ಪು ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಎಷ್ಟು ತಡೆಯುತ್ತದೆಂಬ ಖಾತರಿ ಇರುವುದಿಲ್ಲ, ಅಕ್ಷಿಪಟಲ ಸುಡುವಾಗ ನೋವೂ ತಿಳಿಯುವುದಿಲ್ಲ. ಐ.ಎಸ್.ಒ. 12312-2 ಮಾನಕದ ಕನ್ನಡಕವನ್ನೇ ಬಳಸಿರಿ.

ಕೊನೆಗೂ ಉಳಿದದ್ದು

ಯಾವುದಕ್ಕೂ ಬಾರದ ಚೂರುಗಳಲ್ಲೂ ಬೆಳ್ಳಿ ಇದೆ. ಹಳೆಯ ಎಕ್ಸ್-ರೇ ಫಿಲ್ಮನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಗುಜರಿ ವ್ಯಾಪಾರಿಗಳು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಚೂರುಗಳನ್ನು ಒಂದು ಚೀಲದಲ್ಲಿ ಕೂಡಿಹಾಕಿ ಅವರಿಗೆ ಕೊಡಿ. ಮನೆಯಲ್ಲಿ ಆಸಿಡ್ ಹಾಕಿ ಬೆಳ್ಳಿ ತೆಗೆಯುವ ವಿಡಿಯೊಗಳನ್ನು ನೋಡಿ ಯಾರೂ ಕೈಹಾಕಬಾರದು. ನೆಗೆಟಿವಿನಲ್ಲಿ ಉಳಿಯುವುದಕ್ಕಿಂತ ಹೆಚ್ಚಿನ ಬೆಳ್ಳಿ ಸಾಮಾನ್ಯವಾಗಿ ಹಳೆಯ ಹೈಪೊಗೆ ಸೇರಿರುತ್ತದೆ. ಅದನ್ನು ಮೋರಿಗೆ ಚೆಲ್ಲದೆ ಪ್ಲಾಸ್ಟಿಕ್ ಬಕೆಟಿನಲ್ಲಿ ತುಂಬಿ, ಸೋಪು ಹಾಕಿಲ್ಲದ ಉಕ್ಕಿನ ನಾರನ್ನು ಬಿಡಿಸಿ ಹಾಕಿ, ಮುಚ್ಚಳ ಸಡಿಲವಾಗಿಟ್ಟು, ಗಾಳಿಯಾಡುವ ಜಾಗದಲ್ಲಿ ಒಂದು ವಾರ ಬಿಡಿ. ಕಬ್ಬಿಣ ಕರಗುತ್ತ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಬರಿಗೈ ಹಾಕದೆ ಕೆಸರನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಚೂರುಗಳ ಚೀಲದ ಜೊತೆಗೇ ಗುಜರಿಯವರಿಗೆ ಒಪ್ಪಿಸಿರಿ.